ರೆಕಾರ್ಡ್ ಪುಸ್ತಕದಿಂದ ಮಹಾರಾವರೆಗೆ: ಪ್ರಶಿಕ್ಷಣಾರ್ಥಿಗಳ ಕೃತಿ ಸಂಪುಟಕ್ಕೆ ಯಾವುದು ಒದಗುತ್ತದೆ?

ಬಿ.ಇಡಿ. ಓದುವ ಪ್ರಶಿಕ್ಷಣಾರ್ಥಿಗಳು ಎರಡು ವರ್ಷದಲ್ಲಿ ಮಾಡುವ ಕೆಲಸ ಸಣ್ಣದಲ್ಲ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮಾವಳಿ ಬಂದ ಮೇಲೆ ಕೋರ್ಸು ಎರಡು ವರ್ಷದ್ದಾಯಿತು, ಶಾಲೆಯಲ್ಲೇ ಇದ್ದು ಕಲಿಯುವ ಇಂಟರ್ನ್‌ಶಿಪ್ ಅವಧಿ ಒಟ್ಟು 20 ವಾರಕ್ಕೆ ಏರಿತು. ಪಾಠ ಯೋಜನೆ, ಸಹಪಾಠಿಗಳ ಪಾಠದ ಅವಲೋಕನ, ಕಲಿಕೋಪಕರಣ, ಘಟಕ ಪರೀಕ್ಷೆಯ ನೀಲನಕ್ಷೆ ಮತ್ತು ವಿಶ್ಲೇಷಣೆ, ಕ್ರಿಯಾ ಸಂಶೋಧನೆ, ದಿನಚರಿ, ಎಲ್ಲವೂ ದಾಖಲಾಗಬೇಕು, ಎಲ್ಲಕ್ಕೂ ಅಂಕ ಬೀಳಬೇಕು. ಮಂಡ್ಯದ ಕಾಲೇಜೊಂದರಲ್ಲಿ ವಿಜ್ಞಾನ ಬೋಧನಾ ಪದ್ಧತಿ ಕಲಿಸುವ ನಾನು ಇದಕ್ಕಾಗಿ ರೆಕಾರ್ಡ್ ಪುಸ್ತಕ, ವಾಟ್ಸ್ಆಪ್, ಕೋರ್ಸು ನಡೆಸುವ ತಂತ್ರಾಂಶ ಮೂಡಲ್, ಗೂಗಲ್ ಡ್ರೈವ್, ಜಾಲಪುಟ ಕಟ್ಟುವ ಗೂಗಲ್ ಸೈಟ್ಸ್ ಮತ್ತು ಕೃತಿ ಸಂಪುಟದ ತಂತ್ರಾಂಶ ಮಹಾರಾ ಇಷ್ಟನ್ನೂ ಬೇರೆ ಬೇರೆ ತಂಡಗಳೊಂದಿಗೆ ಬಳಸಿ ನೋಡಿದ್ದೇನೆ. ಬೇರೆ ಅಧ್ಯಾಪಕರಿಗೂ ಪ್ರೌಢಶಾಲಾ ಶಿಕ್ಷಕರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಕೃತಿ ಸಂಪುಟ (ಕಲಿಯುವವರ ಕೆಲಸಗಳನ್ನು ಆಯ್ದು ಜೋಡಿಸಿಟ್ಟ ಪೋರ್ಟ್‌ಫೋಲಿಯೊ) ಎಂಬ ಹೆಸರು ನಮ್ಮ ಶಾಲೆಗಳಿಗೆ ಹೊಸದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬೇಕೆಂದು ಹೇಳಿತು. ಆಮೇಲೆ ಮಕ್ಕಳ ಹೆಸರು ಬರೆದ ಕಡತಗಳು ತರಗತಿಯ ಕಪಾಟಿಗೆ ಬಂದವು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಒಂದು ಹೆಜ್ಜೆ ಮುಂದೆ ಹೋಗಿ, ಪ್ರಗತಿ ಪತ್ರದಲ್ಲಿ ಶಿಕ್ಷಕರ ಮಾತಿನ ಜತೆಗೆ ಮಗುವಿನ ಸ್ವಮೌಲ್ಯಮಾಪನ ಮತ್ತು ಗೆಳೆಯರ ಅಭಿಪ್ರಾಯವೂ ಇರಬೇಕೆಂದಿದೆ. ಆದರೆ ನಾನು ಶಾಲೆಗಳಲ್ಲಿ ನೋಡಿದ ಬಹುಪಾಲು ಕಡತಗಳಲ್ಲಿ ಇರುವುದು ಮಗುವಿನ ಅತ್ಯುತ್ತಮ ಚಿತ್ರ, ಅತ್ಯುತ್ತಮ ಕೈಬರಹ. ಆ ಮಗು ಜೂನ್‌ನಲ್ಲಿ ಎಲ್ಲಿತ್ತು, ಫೆಬ್ರುವರಿಗೆ ಎಲ್ಲಿಗೆ ಬಂತು ಎಂಬುದು ಅದರಿಂದ ತಿಳಿಯುವುದಿಲ್ಲ. ಆದ್ದರಿಂದ ಯಾವ ಸಾಧನವನ್ನು ಕೈಗೆತ್ತಿಕೊಂಡರೂ ನಾನು ಮೊದಲು ಕೇಳುವುದು ಒಂದೇ: ತಿದ್ದಿದ್ದು ಕಾಣುತ್ತದೆಯೇ? ಮೊದಲ ಬರಹಕ್ಕೂ ಕೊನೆಯ ಬರಹಕ್ಕೂ ನಡುವೆ ಆದದ್ದೇ ಕಲಿಕೆ. ಅದನ್ನು ಮುಚ್ಚಿಡುವ ಸಂಪುಟ ಎಷ್ಟು ಅಂದವಾಗಿದ್ದರೂ ನನಗೆ ಬೇಡ.

ಈ ಅಳತೆಗೆ ರೆಕಾರ್ಡ್ ಪುಸ್ತಕವನ್ನು ಹಿಡಿದರೆ ಅದು ಸೋಲುತ್ತದೆ. ಪ್ರಶಿಕ್ಷಣಾರ್ಥಿಗಳು ಪಾಠವನ್ನು ಒಂದು ಹಾಳೆಯಲ್ಲಿ ಗೀಚಿಕೊಂಡು ತರಗತಿಗೆ ಹೋಗುತ್ತಾರೆ. ಆಮೇಲೆ ರಾತ್ರಿ ಕೂತು ಸ್ಕೇಲು, ಎರಡು ಬಣ್ಣದ ಪೆನ್ನು ಹಿಡಿದು ರೆಕಾರ್ಡಿಗೆ ನಕಲು ಮಾಡುತ್ತಾರೆ. ಆ ಗೀಚಿದ ಹಾಳೆಯೇ ನಿಜವಾದ ದಾಖಲೆ, ಅದು ಕಸದ ಬುಟ್ಟಿಗೆ ಹೋಗುತ್ತದೆ. ಜತೆಗೆ ರೆಕಾರ್ಡುಗಳು ಮೇಜಿಗೆ ಬಂದು ಬೀಳುವುದು ಇಂಟರ್ನ್‌ಶಿಪ್ ಮುಗಿಯುವ ಹೊತ್ತಿಗೆ. ಆಗ ನಾನು ಬರೆಯುವ ಸಲಹೆಯನ್ನು ಬಳಸುವುದಕ್ಕೆ ಅವರಿಗೆ ಇನ್ನೊಂದು ಪಾಠವೇ ಉಳಿದಿರುವುದಿಲ್ಲ. ಆದರೂ ಕಾಗದದ ಒಂದು ಗುಣಕ್ಕೆ ಸಮನಾದದ್ದು ಪರದೆಯ ಮೇಲೆ ನನಗೆ ಇನ್ನೂ ಸಿಕ್ಕಿಲ್ಲ. ಶಾಲೆಯ ಮಾರ್ಗದರ್ಶಕ ಶಿಕ್ಷಕರು ಹಿಂದಿನ ಬೆಂಚಿನಲ್ಲಿ ಕೂತು, ಪಾಠ ನಡೆಯುತ್ತಿರುವಾಗಲೇ ಸಾಲಿನ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಇಲ್ಲಿ ಮಕ್ಕಳಿಗೆ ಕಾಯಿರಿ', 'ಈ ಪ್ರಶ್ನೆಗೆ ನೀವೇ ಉತ್ತರ ಹೇಳಿಬಿಟ್ಟಿರಿ' ಎಂದು ಬರೆಯುತ್ತಾರಲ್ಲ, ಅದಕ್ಕೆ ಬೆಲೆ ಕಟ್ಟಲಾಗದು. ಆ ಪುಟವನ್ನು ಮೊಬೈಲಿನಲ್ಲಿ ಚಿತ್ರ ತೆಗೆದು ಇ-ಸಂಪುಟಕ್ಕೆ (ಡಿಜಿಟಲ್ ರೂಪದ ಕೃತಿ ಸಂಪುಟಕ್ಕೆ) ಸೇರಿಸುವುದನ್ನು ನಾನು ಈಗ ಕಡ್ಡಾಯ ಮಾಡಿದ್ದೇನೆ.

ವಾಟ್ಸ್ಆಪ್ ಗುಂಪು ಯಾರೂ ಯೋಜಿಸದೆಯೇ ಸಂಪುಟವಾಗಿಬಿಡುತ್ತದೆ. ಪಾಂಡವಪುರದ ಶಾಲೆಯಲ್ಲಿ ಪಾಠ ಮುಗಿದ ಹತ್ತು ನಿಮಿಷಕ್ಕೆ ಕಪ್ಪುಹಲಗೆಯ ಚಿತ್ರ ನನ್ನ ಮೊಬೈಲಿಗೆ ಬಂದಿರುತ್ತದೆ, ಮಧ್ಯಾಹ್ನದೊಳಗೆ ನನ್ನ ಮಾತು ಅವರಿಗೆ ತಲುಪಿರುತ್ತದೆ. ಇಷ್ಟು ಬೇಗ ಬೇರೆ ಯಾವ ಸಾಧನವೂ ಕೆಲಸ ಮಾಡುವುದಿಲ್ಲ. ಅದರಿಂದ ನಾನು ಕಲಿತದ್ದು ಧ್ವನಿ ಸಂದೇಶದ ಬೆಲೆ. ದಿನಚರಿಯಲ್ಲಿ 'ಪಾಠ ಚೆನ್ನಾಗಿ ಮೂಡಿಬಂತು, ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು' ಎಂಬ ಎರಡೇ ಸಾಲು ಬರೆಯುವವರು, ಬಸ್ ನಿಲ್ದಾಣಕ್ಕೆ ನಡೆಯುತ್ತ ಮಾತನಾಡಿ ಕಳಿಸಿದರೆ ಐದು ನಿಮಿಷ ನಿಲ್ಲಿಸುವುದಿಲ್ಲ. ಯಾವ ಹುಡುಗ ಏನು ಕೇಳಿದ, ತಾವು ಎಲ್ಲಿ ತಡವರಿಸಿದೆವು, ಎಲ್ಲವೂ ಬರುತ್ತದೆ. ಬರವಣಿಗೆಗೆ ಹೆದರುವವರ ಆತ್ಮಾವಲೋಕನ ಕಳಪೆಯೆಂದು ತೀರ್ಮಾನಿಸುವ ಮೊದಲು ಅವರ ಬಾಯಿಂದ ಕೇಳಬೇಕು.

ಆದರೆ ಗುಂಪಿನಲ್ಲಿ ಬಂದದ್ದು ನಿಲ್ಲುವುದಿಲ್ಲ. ರಜೆಯ ಸೂಚನೆ, ಶುಭೋದಯ, ಶುಲ್ಕದ ಕೊನೆಯ ದಿನಾಂಕ ಇವುಗಳ ನಡುವೆ ಜುಲೈ ತಿಂಗಳ ಪಾಠ ಕಳೆದುಹೋಗುತ್ತದೆ. ಮೊದಲು ಕಳಿಸಿದವರನ್ನು ನೋಡಿ ಉಳಿದವರು ಅದೇ ಮಾದರಿಯಲ್ಲಿ ಬರೆಯತೊಡಗುತ್ತಾರೆ, ಸಂಕೋಚದವರು ಕಳಿಸುವುದೇ ಇಲ್ಲ. ಶಾಲಾ ಮಕ್ಕಳ ಮುಖವಿರುವ ಚಿತ್ರಗಳು ಅಷ್ಟೂ ಜನರ ಮೊಬೈಲಿನಲ್ಲಿ ಉಳಿಯುವುದಂತೂ ಒಪ್ಪುವಂಥದ್ದೇ ಅಲ್ಲ. ಆದ್ದರಿಂದ ವಾಟ್ಸ್ಆಪ್ ಸುದ್ದಿ ಮುಟ್ಟಿಸುವುದಕ್ಕೆ ಇರಲಿ, ದಾಖಲೆಗೆ ಬೇಡ.

ಮೂಡಲ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್ ರೂಪಿಸಿ 2002ರಲ್ಲಿ ಹೊರತಂದ ಈ ಮುಕ್ತ ತಂತ್ರಾಂಶ ಕೋರ್ಸು ನಡೆಸುವುದಕ್ಕೆ ಗಟ್ಟಿಯಾದದ್ದು. ಕೆಲಸ ಒಪ್ಪಿಸು, ಅಂಕ ಪಡೆ, ಮುಂದಕ್ಕೆ ಹೋಗು ಎಂಬುದು ಅದರ ನಡೆ. ದಿನಾಂಕ, ವಿಭಾಗ, ಕ್ರಮ ಎಲ್ಲವೂ ಅಧ್ಯಾಪಕರದ್ದು. ಪ್ರಶಿಕ್ಷಣಾರ್ಥಿ ತನ್ನ ಕೆಲಸವನ್ನು ತಾನೇ ಆರಿಸಿ ಜೋಡಿಸುವುದಕ್ಕೆ ಅಲ್ಲಿ ಹೆಚ್ಚು ಜಾಗವಿಲ್ಲ.

ಈಗ ನಾನು ಅತಿ ಹೆಚ್ಚು ಬಳಸುವ ಗೂಗಲ್ ಡ್ರೈವ್‌ಗೆ ಬರುತ್ತೇನೆ. ಏರ್ಪಾಡು ತೀರ ಸರಳ. ಪ್ರತಿಯೊಬ್ಬರೂ ತಮ್ಮ ಖಾತೆಯಲ್ಲಿ ಒಂದು ಫೋಲ್ಡರ್ ತೆರೆದು ನನ್ನೊಂದಿಗೂ ಒಬ್ಬ ಸಹಪಾಠಿಯೊಂದಿಗೂ ಹಂಚಿಕೊಳ್ಳುತ್ತಾರೆ. ಪಾಠ ಯೋಜನೆಯನ್ನು ಗೂಗಲ್ ಡಾಕ್ಸ್‌ನಲ್ಲೇ ಬರೆಯುತ್ತಾರೆ, ಪಾಠವಾದ ಮೇಲೆ ಅದೇ ಕಡತವನ್ನು ತಿದ್ದುತ್ತಾರೆ. ಯಾವ ಸಾಲಿನ ಬಗ್ಗೆ ಹೇಳಬೇಕೋ ಆ ಸಾಲಿನ ಪಕ್ಕದಲ್ಲೇ ಟಿಪ್ಪಣಿ ಹಾಕಬಹುದು. ಹಳೆಯ ಆವೃತ್ತಿಗಳ ಇತಿಹಾಸ ತೆರೆದರೆ ಯಾವ ದಿನ ಏನು ಅಳಿಸಿದರು, ಏನು ಸೇರಿಸಿದರು ಎಂಬುದು ಬಣ್ಣದಲ್ಲಿ ಕಾಣುತ್ತದೆ. ನನಗೆ ಬೇಕಾದದ್ದು ಇದೇ.

ಒಂದು ಪಾಠ ಯೋಜನೆಯನ್ನು ಬಿಡಿಸಿ ತೋರಿಸುತ್ತೇನೆ. ಆರನೆಯ ತರಗತಿ, ವಸ್ತುಗಳನ್ನು ಬೇರ್ಪಡಿಸುವ ಘಟಕ, ಆವಿಯಾಗುವಿಕೆ. ಮೊದಲ ಆವೃತ್ತಿಯಲ್ಲಿ 'ವಿದ್ಯಾರ್ಥಿಗಳು ಆವಿಯಾಗುವಿಕೆಯ ಅರ್ಥವನ್ನು ತಿಳಿಯುವರು' ಎಂಬ ಉದ್ದೇಶ, ಉಪ್ಪುನೀರು ಕಾಯಿಸಿ ತೋರಿಸುವ ಚಟುವಟಿಕೆ, ಕೊನೆಗೆ ಮೂರು ಪ್ರಶ್ನೆ. ಯಾವ ಊರಿಗೆ ಒಯ್ದರೂ ನಡೆಯುವಂಥ ಪಾಠ. ಪಾಠ ಮಾಡಿ ಬಂದ ಸಂಜೆ ಪ್ರಶಿಕ್ಷಣಾರ್ಥಿ ಕೆಳಗೆ ಬರೆದಿದ್ದರು: "ಒಬ್ಬಳು ಹುಡುಗಿ, 'ಮಿಸ್, ಆಲೆಮನೆ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ನೀರು ಮಾತ್ರ ಹೋಗುತ್ತದೆ, ಸಿಹಿ ಯಾಕೆ ಹೋಗುವುದಿಲ್ಲ?' ಎಂದು ಕೇಳಿದಳು. ಸಮಯವಿಲ್ಲದ ಕಾರಣ ಮುಂದಿನ ತರಗತಿಯಲ್ಲಿ ಕಲಿಯುತ್ತೀರಿ ಎಂದೆ." ಅದರ ಪಕ್ಕದಲ್ಲಿ ನಾನು ಹಾಕಿದ ಟಿಪ್ಪಣಿ ಒಂದೇ ಸಾಲು: 'ಈ ಪ್ರಶ್ನೆಯನ್ನು ಪಾಠದ ಯಾವ ಜಾಗಕ್ಕೆ ತರಬಹುದು?'

ಎರಡನೆಯ ಆವೃತ್ತಿಯಲ್ಲಿ ಪಾಠ ಆ ಹುಡುಗಿಯ ಪ್ರಶ್ನೆಯಿಂದಲೇ ಶುರುವಾಗುತ್ತದೆ. ಉಪ್ಪುನೀರು ಕಾಯುವಾಗ ಮೇಲೆ ತಣ್ಣನೆಯ ಸ್ಟೀಲ್ ತಟ್ಟೆ ಹಿಡಿದು, ಅಂಟಿಕೊಂಡ ಹನಿ ಉಪ್ಪಾಗಿದೆಯೇ ಸಪ್ಪೆಯಾಗಿದೆಯೇ ಎಂದು ಮಕ್ಕಳು ಮೊದಲು ಊಹಿಸಬೇಕು, ಆಮೇಲೆ ನೋಡಬೇಕು. ಇನ್ನೊಂದು ವಿಭಾಗದಲ್ಲಿ ಈ ಪಾಠ ಮಾಡಿದಾಗ ಮತ್ತೊಂದು ಸಂಗತಿ ಹೊರಬಿತ್ತು. ತಳದಲ್ಲಿ ಉಳಿದ ಬಿಳಿ ಪುಡಿಯನ್ನು ಕೆಲವು ಮಕ್ಕಳು ಬೆಂಕಿಯಿಂದ ಹೊಸದಾಗಿ ಹುಟ್ಟಿದ ವಸ್ತು ಎಂದುಕೊಂಡಿದ್ದರು. ಮೂರನೆಯ ಆವೃತ್ತಿಯಲ್ಲಿ ಅದಕ್ಕೊಂದು ಹೆಜ್ಜೆ ಸೇರಿತು: ಆ ಪುಡಿಯನ್ನು ಮತ್ತೆ ನೀರಿಗೆ ಹಾಕಿ ಕರಗಿಸುವುದು, ಮೊದಲಿದ್ದದ್ದೇ ಮರಳಿ ಬಂತೆಂದು ಮಕ್ಕಳೇ ಹೇಳುವಂತೆ ಮಾಡುವುದು. ರೆಕಾರ್ಡ್ ಪುಸ್ತಕವಾಗಿದ್ದರೆ ನನಗೆ ಮೂರನೆಯದು ಮಾತ್ರ ಸಿಗುತ್ತಿತ್ತು, ಅದೂ ಅದೃಷ್ಟವಿದ್ದರೆ. ಇಲ್ಲಿ ಒಬ್ಬ ಶಿಕ್ಷಕಿ ರೂಪುಗೊಳ್ಳುವುದನ್ನು ದಿನಾಂಕ ಸಮೇತ ನೋಡಿದೆ. ನನ್ನ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಸಂತೋಷ ಕಡಿಮೆ.

ಡ್ರೈವ್‌ನ ತೊಡಕುಗಳನ್ನೂ ಹೇಳಬೇಕು. ನಮ್ಮಲ್ಲಿ ಹಲವರು ಡಿಟಿಪಿ ಕೇಂದ್ರದಲ್ಲಿ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿಸುತ್ತಾರೆ. ಅದನ್ನು ಡಾಕ್ಸ್‌ಗೆ ಅಂಟಿಸಿದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿ ತಂದರೂ ಒತ್ತಕ್ಷರ ಅಲ್ಲಲ್ಲಿ ಕೆಡುತ್ತದೆ. ಮೊದಲ ವಾರವೇ ಮೊಬೈಲಿನ ಕನ್ನಡ ಕೀಲಿಮಣೆ ಮತ್ತು ಧ್ವನಿಯಿಂದ ಬರೆಸುವ ಸೌಲಭ್ಯವನ್ನು ಕಲಿಸಿದರೆ ಈ ಕಾಟ ತಪ್ಪುತ್ತದೆ, ಟೈಪಿಂಗ್ ಖರ್ಚೂ ಉಳಿಯುತ್ತದೆ. ಇನ್ನೊಂದು, ಜಾಗ. ಉಚಿತ ಖಾತೆಗೆ ಸಿಗುವ 15 ಜಿಬಿಯಲ್ಲಿ ಜಿಮೇಲ್, ಫೋಟೊ ಎಲ್ಲವೂ ಪಾಲು ಕೇಳುತ್ತವೆ. 40 ನಿಮಿಷದ ಪಾಠದ ಪೂರ್ಣ ವಿಡಿಯೊಗಳನ್ನು ಹಾಕುತ್ತ ಹೋದರೆ ಬಹಳ ದಿನ ಬಾಳುವುದಿಲ್ಲ. ಪೂರ್ಣ ವಿಡಿಯೊ ನನಗೂ ಬೇಡ. ಮೂರು ನಿಮಿಷದ ತುಣುಕು, ಅದನ್ನೇ ಯಾಕೆ ಆರಿಸಿದೆ ಎಂಬ ನಾಲ್ಕು ಸಾಲು, ಅಷ್ಟು ಸಾಕು.

ಡ್ರೈವ್‌ನ ದೊಡ್ಡ ಕೊರತೆ ಬೇರೆಯೇ ಇದೆ. ಅದು ಉಗ್ರಾಣ, ಏನನ್ನು ಹಾಕಿದರೂ ಹಿಡಿಸುತ್ತದೆ. ಎಲ್ಲವನ್ನೂ ತುಂಬಿಟ್ಟ ಫೋಲ್ಡರ್ ಸಂಪುಟವಾಗುವುದಿಲ್ಲ. ಆರಿಸಬೇಕು, ಆರಿಸಿದ್ದಕ್ಕೆ ಕಾರಣ ಕೊಡಬೇಕು. ಇಲ್ಲಿ ಗೂಗಲ್ ಸೈಟ್ಸ್ ನೆರವಿಗೆ ಬರುತ್ತದೆ. ಡ್ರೈವ್‌ನಲ್ಲಿರುವ ಕಡತವನ್ನೇ ಪುಟದೊಳಗೆ ಕೂರಿಸಬಹುದು, ಯಾರು ನೋಡಬೇಕೆಂದು ಗೊತ್ತುಮಾಡಬಹುದು. ಮೈಸೂರಿನ ಖಾಸಗಿ ಶಾಲೆಗಳ ಸಂದರ್ಶನಕ್ಕೆ ಹೋಗುವವರು ಒಂದು ಕೊಂಡಿ ಕಳಿಸಿದರೆ ಸಾಕು, ಅವರ ಪಾಠ, ಕಲಿಕೋಪಕರಣ, ಮಕ್ಕಳ ಪರೀಕ್ಷೆಯ ವಿಶ್ಲೇಷಣೆ ಎಲ್ಲವೂ ಒಂದೆಡೆ ಸಿಗುತ್ತದೆ. ಸಂಪುಟ ತಮಗೆ ಕೆಲಸ ಕೊಡಿಸಬಲ್ಲದು ಎಂದು ತಿಳಿದ ದಿನದಿಂದ ಅವರು ಅದನ್ನು ಕಾಲೇಜಿನ ಕಟ್ಟಳೆಯೆಂದು ನೋಡುವುದು ನಿಂತುಹೋಗುತ್ತದೆ.

ಸೈಟ್ಸ್ ಒಂದನ್ನೇ ನೆಚ್ಚಿದರೆ ಮಾತ್ರ ರೆಕಾರ್ಡ್ ಪುಸ್ತಕದ ಹಳೆಯ ರೋಗ ಹೊಸ ವೇಷದಲ್ಲಿ ಮರಳುತ್ತದೆ. ಬಣ್ಣದ ಶೀರ್ಷಿಕೆ, ಹೂವಿನ ಹಿನ್ನೆಲೆ, ಮಹನೀಯರ ನುಡಿಮುತ್ತು ಇವುಗಳಿಗೇ ಸಂಜೆಗಳು ಖರ್ಚಾಗುತ್ತವೆ, ತಪ್ಪಿದ ಪಾಠಕ್ಕೆ ಅಲ್ಲಿ ಜಾಗವೇ ಇರುವುದಿಲ್ಲ. ಪುಟ ಕಟ್ಟುವುದಕ್ಕೆ ಕಂಪ್ಯೂಟರ್ ಬೇಕು. ಮೊಬೈಲ್ ಒಂದೇ ಇರುವವರು ಕಾಲೇಜಿನ ಪ್ರಯೋಗಾಲಯಕ್ಕೆ ಕಾಯಬೇಕು. ನಾಗಮಂಗಲ, ಕೆ.ಆರ್.ಪೇಟೆ ಕಡೆಯಿಂದ ದಿನವೂ ಬಸ್ಸಿನಲ್ಲಿ ಓಡಾಡುವವರಿಗೆ ಅದು ಸುಲಭವಲ್ಲ. ಅಮೆರಿಕದಲ್ಲಿ ಇ-ಸಂಪುಟಗಳ ಬಗ್ಗೆ ಬಹುಕಾಲ ಕೆಲಸ ಮಾಡಿದ ಹೆಲೆನ್ ಬ್ಯಾರೆಟ್ ಅದಕ್ಕೆ ಎರಡು ಮುಖವಿದೆ ಎನ್ನುತ್ತಾರೆ. ಒಂದು ಕೆಲಸ ನಡೆಯುವ ಜಾಗ, ಇನ್ನೊಂದು ಫಲವನ್ನು ತೋರಿಸುವ ಜಾಗ. ಬಳಸಿ ನೋಡಿದ ಮೇಲೆ ಆ ಮಾತು ನನಗೆ ಪೂರ್ತಿ ಒಪ್ಪಿಗೆಯಾಗಿದೆ. ಎರಡಕ್ಕೂ ಒಂದೇ ಪುಟವನ್ನು ಹಿಡಿದರೆ ತೋರಿಕೆ ಗೆಲ್ಲುತ್ತದೆ.

ಈ ಎರಡು ಮುಖಗಳನ್ನೂ ಒಂದೇ ಮನೆಯಲ್ಲಿಟ್ಟು, ನಡುವೆ ಬಾಗಿಲಿಟ್ಟಿರುವುದು ಮಹಾರಾ. ನ್ಯೂಜಿಲೆಂಡಿನಲ್ಲಿ 2006ರಲ್ಲಿ ಆರಂಭವಾದ ಈ ಮುಕ್ತ ತಂತ್ರಾಂಶವನ್ನು ಇ-ಸಂಪುಟಕ್ಕೆಂದೇ ಕಟ್ಟಿದ್ದಾರೆ. ದಿನಚರಿ ಬರೆಯುವ ಜಾಗ ಬರೆದವರಿಗೆ ಮಾತ್ರ ಕಾಣುತ್ತದೆ. ಅದರಿಂದ ಬೇಕಾದ ತುಣುಕನ್ನು ಎತ್ತಿ ಪುಟ ಕಟ್ಟಬಹುದು. ಅದೇ ತುಣುಕು ನನಗೆ ಒಪ್ಪಿಸುವ ಪುಟದಲ್ಲೂ ಗೆಳತಿಗೆ ತೋರಿಸುವ ಪುಟದಲ್ಲೂ ಕೆಲಸಕ್ಕೆ ಕಳಿಸುವ ಪುಟದಲ್ಲೂ ಬೇರೆ ಬೇರೆ ಜತೆಗಾರರೊಂದಿಗೆ ನಿಲ್ಲಬಹುದು. ಯಾರಿಗೆ, ಯಾವ ದಿನಾಂಕದವರೆಗೆ ತೆರೆದಿರಬೇಕು ಎಂಬುದು ವಿದ್ಯಾರ್ಥಿಯ ಕೈಯಲ್ಲಿ. ಮೌಲ್ಯಮಾಪನಕ್ಕೆ ಒಪ್ಪಿಸಿದ ಪುಟ, ಅಧ್ಯಾಪಕರು ಬಿಡುಗಡೆ ಮಾಡುವವರೆಗೆ ಬದಲಾಗದಂತೆ ಬೀಗ ಬೀಳುತ್ತದೆ. ಅಂಕದ ವಿಷಯದಲ್ಲಿ ತಕರಾರು ಬಂದಾಗ ಇದರ ಬೆಲೆ ಗೊತ್ತಾಗುತ್ತದೆ. ಖಾಸಗಿಯಾಗಿ ಬರೆಯುವ ಜಾಗ ಇದ್ದುದರಿಂದ ನಮ್ಮ ಪ್ರಶಿಕ್ಷಣಾರ್ಥಿಗಳ ದಿನಚರಿ ಎಷ್ಟು ಬಿಚ್ಚುಮನಸ್ಸಿನದಾಯಿತು ಎಂಬುದನ್ನು ಅವರು ಎತ್ತಿ ತೋರಿಸಿದ ತುಣುಕುಗಳಿಂದಲೇ ತಿಳಿದೆ.

ಗುಣದಲ್ಲಿ ಮಹಾರಾವೇ ಮೊದಲು ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಆದರೆ ಅದಕ್ಕೊಂದು ಸರ್ವರ್ ಬೇಕು, ಅದನ್ನು ನೋಡಿಕೊಳ್ಳುವ ಮನುಷ್ಯ ಬೇಕು, ಬ್ಯಾಕಪ್ ಬೇಕು, ಕಾಲಕಾಲಕ್ಕೆ ಹೊಸ ಆವೃತ್ತಿಗೆ ಏರಿಸಬೇಕು. ಆಸಕ್ತಿಯಿಂದ ಅದನ್ನು ಸ್ಥಾಪಿಸಿಕೊಟ್ಟ ಸಹೋದ್ಯೋಗಿ ಬೇರೆಡೆಗೆ ಹೋದ ಮೇಲೆ ನಮ್ಮಲ್ಲಿ ಅದು ಸೊರಗಿತು. ತಂತ್ರಾಂಶ ಉಚಿತ, ಸಾಕುವ ಖರ್ಚು ಉಚಿತವಲ್ಲ. ವಿಶ್ವವಿದ್ಯಾನಿಲಯದ ಮಟ್ಟದಲ್ಲಿ, ಒಂದು ತಾಂತ್ರಿಕ ವಿಭಾಗದ ಹೊಣೆಯಲ್ಲಿ, ಎಲ್ಲ ಕಾಲೇಜುಗಳಿಗೂ ಸೇರಿಸಿ ನಡೆಸಿದರೆ ಇದಕ್ಕಿಂತ ಒಳ್ಳೆಯದು ಇಲ್ಲ. ಒಂಟಿ ಕಾಲೇಜು, ಒಬ್ಬ ಉತ್ಸಾಹಿ ಅಧ್ಯಾಪಕ ಎಂಬ ಲೆಕ್ಕದಲ್ಲಿ ಕೈಹಾಕಬೇಡಿ.

ಇನ್ನು ಅಂಕದ ವಿಷಯ. ಸಾಧನ ಯಾವುದೇ ಇರಲಿ, ನ್ಯಾಯವಾಗಿ ಅಳೆಯುವುದು ಕಷ್ಟವೇ. ಅಮೆರಿಕದ ವರ್ಮಾಂಟ್ ರಾಜ್ಯ 1990ರ ದಶಕದ ಆರಂಭದಲ್ಲಿ ಶಾಲಾ ಮಕ್ಕಳ ಬರವಣಿಗೆ ಮತ್ತು ಗಣಿತವನ್ನು ಸಂಪುಟಗಳ ಮೂಲಕ ಅಳೆಯಲು ಹೊರಟಾಗ, ರ‍್ಯಾಂಡ್ ಸಂಸ್ಥೆಯ ಸಂಶೋಧಕರು ಪರಿಶೀಲಿಸಿ, ಒಂದೇ ಸಂಪುಟಕ್ಕೆ ಇಬ್ಬರು ಮೌಲ್ಯಮಾಪಕರು ಕೊಡುವ ಅಂಕ ಸಾಕಷ್ಟು ಹೊಂದುತ್ತಿಲ್ಲ ಎಂದು ತೋರಿಸಿದರು. ನಮ್ಮ ಕೊಠಡಿಯಲ್ಲೂ ಅದೇ ಕಂಡಿತು. ಒಬ್ಬರಿಗೆ ಅಂದ ಮುಖ್ಯ, ಇನ್ನೊಬ್ಬರಿಗೆ ಪುಟಗಳ ಸಂಖ್ಯೆ. ಹಾಗಾಗಿ ಅಳತೆಗೋಲನ್ನು ಮಾತಿನಲ್ಲಿ ಬರೆದಿಟ್ಟೆವು. ಏನು ಮಾಡಿದೆ ಎಂದಷ್ಟೇ ಹೇಳಿದ್ದರೆ ಮೊದಲ ಹಂತ. ಯಾವುದು ಸರಿಹೋಗಲಿಲ್ಲವೆಂದು ಗುರುತಿಸಿದ್ದರೆ ಎರಡನೆಯದು. ಯಾಕೆ ಎಂಬುದನ್ನು ಮಕ್ಕಳ ಮಾತು, ನೋಟ್‌ಬುಕ್ ಅಥವಾ ಉತ್ತರ ಪತ್ರಿಕೆಯ ಪುರಾವೆಯೊಂದಿಗೆ ಹೇಳಿದ್ದರೆ ಮೂರನೆಯದು. ಮುಂದಿನ ಪಾಠದಲ್ಲಿ ಬದಲಿಸಿ ಅದರ ಫಲವನ್ನೂ ದಾಖಲಿಸಿದ್ದರೆ ನಾಲ್ಕನೆಯದು. ಅಂದಕ್ಕೆ ಅಂಕವಿಲ್ಲ. ಕೆಲವು ಸಂಪುಟಗಳನ್ನು ಇಬ್ಬರೂ ಮೊದಲು ಓದಿ, ಕೂತು ಮಾತನಾಡಿ, ಆಮೇಲೆ ಉಳಿದವನ್ನು ಹಂಚಿಕೊಳ್ಳುತ್ತೇವೆ. ಹೀಗೆ ಮಾಡಿದ ಮೇಲೆ ವ್ಯತ್ಯಾಸ ಕುಗ್ಗಿದೆ, ಪೂರ್ತಿ ಹೋಗಿಲ್ಲ.

ವರ್ಷದ ನಡುವೆ ನಾನು ಅಂಕ ಹಾಕುವುದಿಲ್ಲ, ಟಿಪ್ಪಣಿ ಮಾತ್ರ. ಇಸ್ರೇಲಿನ ರುತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟಿಪ್ಪಣಿ ಮಾತ್ರ ಪಡೆದ ಮಕ್ಕಳು ಮುಂದೆ ಬಂದರು. ಟಿಪ್ಪಣಿಯ ಜತೆಗೆ ಅಂಕವನ್ನೂ ಪಡೆದವರಿಗೆ ಆ ಲಾಭ ಸಿಗಲಿಲ್ಲ. ಅಂಕ ಕಂಡೊಡನೆ ಕಣ್ಣು ಅಲ್ಲೇ ನಿಲ್ಲುತ್ತದೆ ಎಂಬುದು ಪಾಠ ಮಾಡಿದ ಯಾರಿಗೂ ಗೊತ್ತಿರುವ ಸಂಗತಿ. ಈ ದೃಷ್ಟಿಯಿಂದ ಡ್ರೈವ್ ಮತ್ತು ಮಹಾರಾ ಎರಡೂ ಅನುಕೂಲ. ಮೂಡಲ್ ಅಂಕದ ಪಟ್ಟಿಯನ್ನೇ ಮುಂದೆ ತಂದಿಡುತ್ತದೆ. ಇತ್ತೀಚೆಗೆ ಯಂತ್ರದಿಂದ ಬರೆಸಿದ ನುಣುಪಾದ ಆತ್ಮಾವಲೋಕನಗಳು ಬರುತ್ತಿವೆ. ಆವೃತ್ತಿ ಇತಿಹಾಸದಲ್ಲಿ ಇಡೀ ಬರಹ ಒಂದೇ ಕ್ಷಣದಲ್ಲಿ ಬಂದು ಕೂತಿರುವುದು ಕಂಡರೆ ನಾನು ಬೈಯುವುದಿಲ್ಲ. 'ಆ ದಿನ ಯಾವ ಮಗು ಏನು ಹೇಳಿತು, ಧ್ವನಿಯಲ್ಲಿ ಕಳಿಸಿ' ಎಂದು ಕೇಳುತ್ತೇನೆ. ಆ ಉತ್ತರವನ್ನು ಬೇರೆ ಯಾರೂ ಬರೆದುಕೊಡಲಾರರು.

ಮಕ್ಕಳ ಚಿತ್ರಗಳ ಬಗ್ಗೆ ಎಲ್ಲ ಸಾಧನಕ್ಕೂ ಒಂದೇ ನಿಯಮ ಮಾಡಿದ್ದೇನೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಮುಖ್ಯ. ಕಾಯ್ದೆ ಬರುವ ಮೊದಲೂ ಇದು ಮರ್ಯಾದೆಯ ಪ್ರಶ್ನೆಯೇ ಆಗಿತ್ತು. ಕೈ, ಹಲಗೆ, ನೋಟ್‌ಬುಕ್, ಮಾದರಿ ಇವುಗಳ ಚಿತ್ರ ಸಾಕು, ಮುಖ ಬೇಡ, ಹೆಸರು ಮುಚ್ಚಿರಲಿ. ತಣ್ಣನೆಯ ತಟ್ಟೆಗೆ ಅಂಟಿದ ಹನಿಯ ಚಿತ್ರದಲ್ಲಿ ಯಾವ ಮಗುವಿನ ಮುಖವೂ ಇರಲಿಲ್ಲ, ಪಾಠ ಪೂರ್ತಿ ಇತ್ತು.

ಈಗಿನ ತಂಡಕ್ಕೆ ನಾನು ಗೊತ್ತುಮಾಡಿರುವುದು ಡ್ರೈವ್ ಮತ್ತು ಸೈಟ್ಸ್ ಜೋಡಿಯನ್ನು. ವರ್ಷವಿಡೀ ಕೆಲಸ ಡ್ರೈವ್‌ನಲ್ಲಿ, ಕೊನೆಯ ತಿಂಗಳು ಆಯ್ದ ಮೂರು ಪಾಠ ಸೈಟ್ಸ್‌ನಲ್ಲಿ. ಆ ಮೂರರಲ್ಲಿ ಒಂದು ಕೈಕೊಟ್ಟ ಪಾಠವೇ ಆಗಿರಬೇಕು, ಅದರ ಎಲ್ಲ ಆವೃತ್ತಿಗಳೂ ಜತೆಗಿರಬೇಕು. ಪ್ರೌಢಶಾಲೆಯಲ್ಲಿ ಇರುವವರು 13 ವರ್ಷ ತುಂಬದ ಮಕ್ಕಳಿಗೆ ಸ್ವಂತ ಗೂಗಲ್ ಖಾತೆ ತೆರೆಸಲು ಹೋಗದೆ, ಕಾಗದದ ಕೃತಿ ಸಂಪುಟವನ್ನೇ ಇಟ್ಟುಕೊಂಡು, ಹಳೆಯ ಹಾಳೆಯನ್ನು ಎಸೆಯದೆ ಹೊಸದರ ಹಿಂದೆ ಪಿನ್ ಮಾಡಿದರೆ ಅರ್ಧ ಕೆಲಸ ಆದಂತೆ. ಖಾತೆಯ ವಿಷಯದಲ್ಲಿ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಸ್ಪಷ್ಟ: ಕಾಲೇಜು ಕೊಡುವ ಖಾತೆಯಲ್ಲಿ ಬೇಡ, ಸ್ವಂತ ಖಾತೆಯಲ್ಲೇ ಸಂಪುಟ ಇರಲಿ, ಕೋರ್ಸು ಮುಗಿದ ವಾರವೇ ಅದರ ಪೂರ್ಣ ಪ್ರತಿಯನ್ನು ಇಳಿಸಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಮೊದಲ ಶಾಲೆಗೆ ಸೇರಿ ಆರನೆಯ ತರಗತಿಗೆ ಅದೇ ಪಾಠ ಮಾಡಬೇಕಾಗಿ ಬಂದಾಗ ನಿಮಗೆ ಬೇಕಾಗುವುದು ನಾನು ಕೊಟ್ಟ ಅಂಕವಲ್ಲ, ಆ ಮೂರು ಆವೃತ್ತಿಗಳು.